ಎರಡು ಜೊತೆ ಚಪ್ಪಲಿ

ಮೊನ್ನೆ ಸರ್ಕಾರಿ ಕಚೇರಿಯೊಂದರಲ್ಲಿ ದೇವರ ಫೋಟೊದ ಮುಂದೆ ಊದುಬತ್ತಿ ಉರಿಯುತ್ತಿತ್ತು. ಬುರ್ಖಾ ತೊಟ್ಟ ಮುದುಕಿಯೊಬ್ಬಳು ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದಳು. ನನಗೆ ಅಜ್ಜಿ ನೆನಪಾದಳು.

ನಾನು ಚಿಕ್ಕವಳಿದ್ದಾಗ ಒಮ್ಮೆ ನಮ್ಮೂರು ದಾಳಿಂಬದಿಂದ ಅಜ್ಜಿ, ಪಕ್ಕದ ಮನೆಯ ಖೈರುನ್ ಚಾಚಿ ಮತ್ತು ನಾನು ಹೊಲದ ಕಾಗದಕ್ಕೆಂದು ತಾಲೂಕು ಕಚೇರಿಗೆ ಹೋಗಿದ್ದೆವು. ಹಣೆ ತುಂಬ ವಿಭೂತಿಯ ಅಜ್ಜಿ, ಮಠಕ್ಕೆ ಬಂದವಳಂತೆ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು.

ಜವಾನ ನಕ್ಕ. "ಹಾಕ್ಕೋರಿ ಆಜಿ. ಇಲ್ಲಿ ಯಾವ ದೇವ್ರೂ ಇಲ್ಲ, ಇದು ಸರ್ಕಾರ."

"ಯಾವ ದೇವ್ರೂ ಇಲ್ಲಂದ್ರ ಎಲ್ಲಾರ ಮನಿ ಆತಲ್ಲೋ ತಮ್ಮಾ. ಚಪ್ಪಲಿ ಹಾಕ್ಕೊಂಡು ಹ್ಯಾಂಗ ಬರ್ಲಿ?"

ಚಾಚಿ ತನ್ನ ಚಪ್ಪಲಿಯನ್ನೂ ಬಿಚ್ಚಿ ಅಜ್ಜಿಯದರ ಪಕ್ಕದಲ್ಲಿಟ್ಟಳು. ಇಬ್ಬರೂ ಕೈ ಹಿಡಿದು ಬರಿಗಾಲಲ್ಲಿ ಒಳಗೆ ಹೋದರು.

ಮೆಟ್ಟಿಲ ಮೇಲೆ ಬಿಸಿಲು ಸರಿದು ಬಂತು. ನಾನು ಎರಡೂ ಜೊತೆಯನ್ನು ನನ್ನ ಲಂಗದ ನೆರಳಿಗೆ ಎಳೆದುಕೊಂಡು ಕೂತೆ.