ದಿನಕ್ಕೊಂದು ತಪ್ಪು

ಇವತ್ತು ಯಾವ ವಾರ ಅಂತ ಡಾಕ್ಟರು ಕೇಳಿದರೆ ಮೇಷ್ಟ್ರು, "ಹಾಜರಿ ಆಯ್ತು, ಹೋಗಿ ಕೂತ್ಕೋ" ಅಂದುಬಿಟ್ಟರು. ಡಾಕ್ಟರು ಪಾಪ ನಗಲಿಲ್ಲ. ಮಗಳನ್ನು ವಾರ್ಡಿನ ಹೊರಗೆ ಕರೆದು, ಹೃದಯದ ಆಪರೇಷನ್ ಆದ ಮೇಲೆ ವಯಸ್ಸಾದವರಿಗೆ ಹೀಗೆ ತಲೆ ಗೊಂದಲವಾಗುವುದುಂಟು, ಬಹಳ ಜನಕ್ಕೆ ನಾಲ್ಕು ದಿನದಲ್ಲಿ ತಿಳಿಯಾಗುತ್ತದೆ, ಕೆಲವರಿಗೆ ಆಗುವುದಿಲ್ಲ ಅಂದರು. ಬಹಳ ಜನರನ್ನು ಬಿಟ್ಟು ಆ ಕೆಲವರೇ ಅವಳ ತಲೆಯಲ್ಲಿ ಕೂತರು.

ಮೂವತ್ತೈದು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟ ತಲೆ ಅದು. ಆಮ್ಲದ ಪಾಠ ಅಂದರೆ ಪ್ರಾಣ, ಮುಖವೂ ಅದಕ್ಕೆ ತಕ್ಕ ಹಾಗೇ ಇತ್ತು ಅನ್ನಿ, ಹಾಗಾಗಿ ಮಕ್ಕಳು ಹುಳಿಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ದಿನವೂ ಪಾಠದ ನಡುವೆ ಬೇಕೆಂದೇ ಒಂದು ತಪ್ಪು ಸೇರಿಸುತ್ತಿದ್ದರು, ಕಣ್ಣು ಕೂಡ ಮಿಟುಕಿಸದೆ. ಹಿಡಿದವರ ಕೈಗೆ ಸೀಮೆಸುಣ್ಣ ಕೊಟ್ಟು, ಬೋರ್ಡಿಗೆ ಕಳಿಸಿ, ತಾವು ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದರು. ಮಗಳು ಎರಡು ವರ್ಷ ಅದೇ ಕ್ಲಾಸಿನಲ್ಲಿ ಕೂತಿದ್ದಳು. ಒಂದು ದಿನವೂ ಅವಳ ಕೈಗೆ ಸೀಮೆಸುಣ್ಣ ಬರಲಿಲ್ಲ. ಎಷ್ಟೋ ಸಲ ತಪ್ಪು ಕಂಡಿತ್ತು, ಆದರೆ ಅಪ್ಪ ಹೇಳಿದ್ದನ್ನು ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. ಕೊನೆಗೆ ಹೊಲಿಗೆ ಅಂಗಡಿ ಹಾಕಿದಳು. ಈಗ ದಿನವಿಡೀ ಸೀಮೆಸುಣ್ಣ ಕೈಯಲ್ಲೇ ಇರುತ್ತದೆ, ಗೆರೆ ಎಳೆಯುವುದು ಮಾತ್ರ ಬಟ್ಟೆ ಮೇಲೆ.

ಡಾಕ್ಟರು ಹೋದ ಮೇಲೆ ಅವಳೂ ಗಂಟೆಗೊಂದು ಸಲ ಕೇಳಿದಳು, ನಾನು ಯಾರು ಹೇಳಿ, ಇದು ಯಾವ ಊರು ಹೇಳಿ ಅಂತ. ಒಮ್ಮೆ ಅವಳನ್ನು ಅಕ್ಕ ಅಂದರು. ಇನ್ನೊಮ್ಮೆ ಹೆಡ್‌ಮೇಡಂ ಅಂದು ಎದ್ದು ನಿಲ್ಲಲು ಹೋದರು. ಅವಳು ಮುಖ ತೊಳೆಯುವ ನೆಪದಲ್ಲಿ ಹೋಗಿ ಅತ್ತು ಬಂದಳು.

ಮರುದಿನ ಬೆಳಿಗ್ಗೆ ನರ್ಸ್ ಹೊಸ ಆಕ್ಸಿಜನ್ ಸಿಲಿಂಡರನ್ನು ಉರುಳಿಸಿಕೊಂಡು ಬಂದಳು. ಮೂಗಿನ ನಳಿಕೆ ಸರಿಮಾಡುತ್ತಾ, ಇದರ ಮೇಲೆ ಮೂರು ಭಾಷೆಯಲ್ಲಿ ಹೆಸರು ಬರೆದಿದ್ದಾರಲ್ಲ, ಕೊನೆಯದು ಬಾಯಲ್ಲಿ ತಿರುಗುವುದೇ ಇಲ್ಲ ಅಂತ ತನ್ನಷ್ಟಕ್ಕೆ ಗೊಣಗಿಕೊಂಡಳು. ಮೇಷ್ಟ್ರು ಮೆಲ್ಲಗೆ ಕತ್ತು ಹೊರಳಿಸಿ ನೋಡಿದರು. ಅದು ಜರ್ಮನ್, ಹುಳಿಯ ವಸ್ತು ಅಂತ ಅರ್ಥ ಅಂದರು. ಆಕ್ಸಿಜನ್ ಅನ್ನುವುದು ಗ್ರೀಕಿನ ಮೂಲದ್ದು, ಹುಳಿಯನ್ನು ಹುಟ್ಟಿಸುವಂಥದ್ದು. ರಷ್ಯನ್ನರೂ ಹಾಗೇ ಅನ್ನುತ್ತಾರೆ, ನಾವೂ ಆಮ್ಲಜನಕ ಅಂತೇವೆ. ಎರಡು ದಿನದಿಂದ ತೊದಲುತ್ತಿದ್ದ ನಾಲಿಗೆ ಸರಾಗವಾಗಿ ಓಡುತ್ತಿತ್ತು. ಮಗಳಿಗೆ ಹೋದ ಜೀವ ಬಂದ ಹಾಗಾಯಿತು.

ಅಷ್ಟರಲ್ಲಿ ಮೇಷ್ಟ್ರು ಮುಂದುವರಿಸಿದರು. "ಹೆಸರು ಸರಿಯಾಗೇ ಇದೆ ಸಿಸ್ಟರ್. ಇದಿಲ್ಲದೆ ಯಾವ ಆಮ್ಲವೂ ಹುಟ್ಟೋದಿಲ್ಲ. ಇಷ್ಟು ಭಾಷೆಯವರು ಸೇರಿ ತಪ್ಪು ಹೇಳ್ತಾರಾ?"

ಬಂದ ಜೀವ ಮತ್ತೆ ಹೋಯಿತು. ಈ ಒಂದು ಪಾಠವನ್ನು ಅವಳು ಸತ್ತರೂ ಮರೆಯಳು. ಆಮ್ಲಜನಕಕ್ಕೆ ಹೆಸರಿಟ್ಟವನೇ ಎಡವಿದ, ಉಳಿದವರೆಲ್ಲ ಆ ತಪ್ಪನ್ನೇ ಶ್ರದ್ಧೆಯಿಂದ ತಮ್ಮ ತಮ್ಮ ಭಾಷೆಗೆ ಮಾಡಿಕೊಂಡರು ಅಂತ ಪ್ರತಿವರ್ಷ ಮೇಜು ಕುಟ್ಟಿ ಹೇಳುತ್ತಿದ್ದವರು ಇದೇ ಅಪ್ಪ. ಅದೂ ಅಳಿಸಿಹೋಗಿದೆ ಅಂದರೆ ಇನ್ನೇನು ಉಳಿಯಿತು? ನರ್ಸ್ ಹೌದಾ ಅಂತ ತಲೆಯಾಡಿಸುತ್ತಿದ್ದಳು. ಸುಮ್ಮನಿದ್ದುಬಿಡೋಣ, ಕಾಯಿಲೆಯವರ ಹತ್ತಿರ ಏನು ವಾದ ಅಂತ ಮಗಳು ಹಲ್ಲು ಕಚ್ಚಿ ಕೂತಳು. ಆದರೆ ಈ ಮಾತು ಅಪ್ಪನ ಬಾಯಿಂದ ಬಂದದ್ದನ್ನು ಹಾಗೇ ಬಿಡಲು ಆಗಲಿಲ್ಲ.

"ಅಪ್ಪ, ಅದು ತಪ್ಪು," ಅಂದಳು. "ಹೈಡ್ರೋಕ್ಲೋರಿಕ್ ಆಸಿಡ್ ಇಲ್ವಾ, ಬಚ್ಚಲು ತೊಳೆಯೋದು? ಅದರ ಹೆಸರಲ್ಲೇ ಇದೆ, ಹೈಡ್ರೋಜನ್ನು ಕ್ಲೋರಿನ್ನು, ಅಷ್ಟೇ. ಆಮ್ಲಜನಕ ಎಲ್ಲಿಂದ ಬಂತು? ಹುಳಿ ಮಾಡೋದು ಹೈಡ್ರೋಜನ್. ನೀವೇ ಅಲ್ವಾ ಹೇಳಿಕೊಟ್ಟಿದ್ದು?"

ಮೇಷ್ಟ್ರು ಸೂಜಿ ಚುಚ್ಚಿದ್ದ ಕೈಯನ್ನು ನಿಧಾನಕ್ಕೆ ಎತ್ತಿ ಪಕ್ಕದ ಮೇಜಿನ ಮೇಲೆ ತಡಕಾಡಿದರು. ಕನ್ನಡಕ ಸಿಕ್ಕಿತು, ಬಿಟ್ಟರು. ಮಾತ್ರೆ ಡಬ್ಬಿ ಸಿಕ್ಕಿತು, ಅದನ್ನೂ ಬಿಟ್ಟರು. ನೀರಿನ ಲೋಟದೊಳಗಿದ್ದ ಬಿಳಿ ಕಾಗದದ ಸ್ಟ್ರಾ ಸಿಕ್ಕಿದಾಗ ಎಳೆದು ತೆಗೆದರು. ಅದಕ್ಕಂಟಿದ್ದ ನೀರನ್ನು ಹೊದಿಕೆಗೆ ಒರೆಸಿ, ಮಗಳ ಅಂಗೈ ಬಿಡಿಸಿ, ಅದರೊಳಗೆ ಇಟ್ಟರು.

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನಗು, ಅಳು ಎರಡೂ ಒಟ್ಟಿಗೇ ನುಗ್ಗಿಬಂದವು. ಸದ್ಯ, ಬದುಕಿದೆವು ಅಂದುಕೊಂಡು ಮಂಚದ ಸರಳಿಗೆ ಹಣೆ ಒತ್ತಿ ಕೂತುಬಿಟ್ಟಳು. ನರ್ಸಿಗೆ ತಲೆಬುಡ ತಿಳಿಯಲಿಲ್ಲ, ಇದೇನು ಮೇಷ್ಟ್ರೇ ಅಂತ ಕೇಳಿದಳು.

ಎರಡು ದಿನದಿಂದ ಎಲ್ಲರೂ ನನ್ನನ್ನೇ ಪ್ರಶ್ನೆ ಕೇಳ್ತಿದ್ದರು, ನಾನೂ ಒಂದು ಕೇಳಿದೆ ಅಂತ ಮೇಷ್ಟ್ರು ದಿಂಬಿಗೆ ಒರಗಿದರು. ಮಗಳ ಕಡೆ ಗದ್ದ ಎತ್ತಿ ತೋರಿಸಿ, "ನನ್ನ ಕ್ಲಾಸಿನವಳೇ," ಅಂದರು. "ಬಾಯಿ ಬಿಡೋದು ಸ್ವಲ್ಪ ನಿಧಾನ."