ಒಳಗೆ ಬಂದು ಹೋಗಿ

"ಇದು ತುಮಿನಾ ಮನೆ. ಬನ್ನಿ, ಒಳಗೆ ಬಂದು ಹೋಗಿ!" ಎಂದಿತು ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆ. ಕಣ್ಣು ಕಾಣದ ಸಾಸ್ತ್ರೊ ಅಜ್ಜ ಕೋಲೂರಿ ನಿಂತೇಬಿಟ್ಟರು.

"ಇಲ್ಲಮ್ಮ ತುಮಿನಾ, ಇನ್ನೊಂದ್ ದಿನ ಬರ್ತೀನಿ. ಮೊಮ್ಮಗನ ಜ್ವರ ಇಳೀತಾ?"

ಪೆಟ್ಟಿಗೆ ಸುಮ್ಮನಿತ್ತು. ಒಳಗಿನಿಂದ ತುಮಿನಾ ಸೌಟು ಹಿಡಿದೇ ಓಡಿ ಬಂದಳು. "ಇಳೀತು ಅಜ್ಜ! ಬೆಳಿಗ್ಗೆ ಗಂಜಿ ಕುಡಿದ."

ಹಿಂದೆ ಬರುತ್ತಿದ್ದ, ಈ ಪೆಟ್ಟಿಗೆಗಳನ್ನು ಮಾಡಿದ ವಿದ್ಯಾರ್ಥಿನಿ ವೆನಿಂಗ್ ತುಟಿ ಕಚ್ಚಿಕೊಂಡಳು. ಅವಳ ಪಕ್ಕದಲ್ಲಿ ಪ್ರೊಫೆಸರ್ ಹರ್ಜಂತೊ ಗಡಿಯಾರ ನೋಡಿಕೊಂಡರು. ಅಜ್ಜನ ಕೊರಳಲ್ಲಿ ತೂಗುವ ಫೋನು ಹತ್ತಿರ ಬಂದೊಡನೆ ಪ್ರತಿ ಮನೆಯ ಪೆಟ್ಟಿಗೆಯೂ ಹೆಸರು ಕೂಗಬೇಕು. ಅದನ್ನು ಕೇಳುತ್ತ ಅಜ್ಜ ಯಾರ ಕೈಯನ್ನೂ ಹಿಡಿಯದೆ ಓಣಿಯ ಕೊನೆಯಲ್ಲಿ ಗಾಮೆಲಾನ್ ವಾದ್ಯಮೇಳ ಕೂಡುವ ಮಂಟಪ ಸೇರಬೇಕು. ಪರೀಕ್ಷೆ ಗೆದ್ದರೆ ಪೆಟ್ಟಿಗೆಗಳು ಯೋಗ್ಯಕರ್ತ ನಗರದ ಈ ಓಣಿಯಲ್ಲೇ ಉಳಿಯುತ್ತವೆ. ಇಲ್ಲದಿದ್ದರೆ ಇವತ್ತೇ ಕಾಲೇಜಿನ ಕಪಾಟಿಗೆ. ಮತ್ತೆ ಅಜ್ಜ ಸೊಸೆ ಕೆಲಸದಿಂದ ಬರುವ ತನಕ ಕಾದು ಕೂರಬೇಕು. ಅಷ್ಟರಲ್ಲಿ ಅವರ ಮದ್ದಳೆಯಿಲ್ಲದೆ ಅರ್ಧ ಅಭ್ಯಾಸ ಮುಗಿದಿರುತ್ತದೆ.

"ನಿಮ್ಮ ಹೆಸರಷ್ಟೇ ಹೇಳಿ" ಎಂದೇ ವೆನಿಂಗ್ ಮನೆಮನೆಗೂ ಹೋಗಿ ದನಿ ತುಂಬಿಸಿಕೊಂಡಿದ್ದಳು. ಯಾರೂ ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ಹೆಸರು ಹೇಳಿ ಒಳಗೆ ಕರೆಯದಿದ್ದರೆ ಚೆಂದವೇ? ಕರೆದ ಮೇಲೆ ಉತ್ತರ ಕೊಡದೆ ಅಜ್ಜ ದಾಟುವುದುಂಟೇ?

ಮಂಟಪ ಸೇರುವ ಹೊತ್ತಿಗೆ ಅಜ್ಜನ ಕೈಯಲ್ಲಿ ಯಾರೋ ಕೊಟ್ಟ ಬಾಳೆಹಣ್ಣಿನ ಬಜ್ಜಿಯ ಪೊಟ್ಟಣವಿತ್ತು. "ಬಂದೆ ನೋಡಿ ಸರ್, ಒಬ್ನೇ!"

"ಬಂದ್ರಿ ಅಜ್ಜ, ಆದ್ರೆ ಹೊತ್ತೆಷ್ಟಾಯ್ತು!" ಪ್ರೊಫೆಸರ್ ವೆನಿಂಗ್ ಕಡೆ ತಿರುಗಿದರು. "ಇದನ್ನ ಯಾವ ವರ್ಗಕ್ಕೆ ಸೇರಿಸ್ಲಮ್ಮ? ದಾರಿ ತೋರಿಸೋ ಸೇವೆ ಅನ್ನೋಣ ಅಂದ್ರೆ ದಾರೀಲೇ ನಿಲ್ಲಿಸ್ಕೊಳ್ಳುತ್ತೆ. ಜಾಹೀರಾತು ಅನ್ನೋಣ ಅಂದ್ರೆ ಮಾರೋಕೇನೂ ಇಲ್ಲ. ಬಿಚ್ಚಿಬಿಡು. ಮುಂದಿನ ವರ್ಷ ಉಪಚಾರದ ಮಾತೆಲ್ಲ ಕತ್ತರಿಸಿ ತಗೊಂಡ್ ಬಾ."

"ಅಯ್ಯೋ, ಬರೀ ಹೆಸರು ಕೂಗಿದ್ರೆ ಆಸ್ಪತ್ರೆ ಸಾಲಲ್ಲಿ ಕೂತ ಹಾಗಿರುತ್ತೆ ಸರ್" ಎಂದರು ಅಜ್ಜ.

ಪ್ರೊಫೆಸರ್ ನಕ್ಕರು, ಆದರೂ ಆಗದೆಂದು ತಲೆಯಾಡಿಸಿದರು. ಅಜ್ಜನ ಕೊರಳಿನ ಫೋನನ್ನು ಬಿಡಿಸಿ ಜೇಬಿಗೆ ಹಾಕಿಕೊಂಡು, ಬಂದ ದಾರಿಯಲ್ಲೇ ಹೊರಟರು. ವೆನಿಂಗ್ ಮೂಗೊರೆಸಿಕೊಂಡು, ಮಂಟಪದ ಪೆಟ್ಟಿಗೆ ಬಿಚ್ಚಲು ಸ್ಟೂಲು ಹತ್ತಿದಳು. ಕೇಳದೆಯೇ ಅಜ್ಜ ಸ್ಟೂಲನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ನಿಂತರು.

"ಇದು ಪರ್ಮಿನ್ ಮನೆ. ಬನ್ನಿ, ಒಳಗೆ ಬಂದು ಹೋಗಿ!"

ಜೇಬಿನ ಫೋನು ಹತ್ತಿರ ಬಂದೊಡನೆ ಪೆಟ್ಟಿಗೆ ಕೂಗಿತು. ಪ್ರೊಫೆಸರ್ ತಟ್ಟನೆ ನಿಂತರು. ಹಿರಿಯರ ಮುಂದೆ ಹಾದುಹೋಗುವಾಗ ಮಾಡುವಂತೆ ಬೆನ್ನು ಬಗ್ಗಿಸಿ, ಬಲಗೈ ಕೆಳಕ್ಕೆ ಚಾಚಿ, ಬರೀ ಗೋಡೆಗೆ ಹೇಳಿದರು: "ಇಲ್ಲಪ್ಪ, ಇನ್ನೊಮ್ಮೆ ಖಂಡಿತ ಬರ್ತೀನಿ." ಆಮೇಲೆ ಅತ್ತಿತ್ತ ನೋಡಿ ಗಂಟಲು ಸರಿಮಾಡಿಕೊಂಡು ಮುಂದೆ ನಡೆದರು. ಮುಂದಿನ ಮನೆ ಕರೆಯಿತು. ಮತ್ತೆ ಬಗ್ಗಿದರು. ಅಲ್ಲಿಂದಲೇ ತಿರುಗಿ, "ವೆನಿಂಗ್, ಬಿಚ್ಚಬೇಡ, ಇರ್ಲಿ ಬಿಡು!" ಎಂದು ಕೂಗಿದರು.

"ಏನಂತೆ ಕೂಸೇ?"

"ಸರ್ ಗೋಡೆಗೆಲ್ಲ ಉತ್ತರ ಕೊಡ್ತಾ ಹೋಗ್ತಿದಾರೆ ಅಜ್ಜ."

"ಹಾಗಾದ್ರೆ ಇಳಿ, ಮದ್ದಳೆ ಎತ್ತಿ ಕೊಡು. ಅವ್ರು ದೊಡ್ಡ ರಸ್ತೆ ಮುಟ್ಟೋದ್ರೊಳಗೆ ನಮ್ಮದೊಂದು ಅಭ್ಯಾಸ ಮುಗಿಯುತ್ತೆ."