ಒಮ್ಮೆಲೇ ಕಟ್ಟಿದ ತಾಳ್ಮೆ

ವೃದ್ಧಾಶ್ರಮದವರು ಅವ್ವನ ಆರೈಕೆಗೆ ಫೀಸು ಕೇಳಿದ್ದು, ಎಲ್ಲರನ್ನೂ ಕೇಳುವ ಹಾಗೆ, ದುಡ್ಡಿನಲ್ಲಲ್ಲ, ತಾಳ್ಮೆಯಲ್ಲಿ. ಮಕ್ಕಳಿಂದ ತೆಗೆದ ತಾಳ್ಮೆಯನ್ನು ಅಲ್ಲಿನ ಆಯಾಗಳಿಗೆ ತುಂಬುತ್ತಿದ್ದರು. ತಿಂಗಳ ಕಂತಿನ ರಗಳೆ ಯಾಕೆಂದು ಕಸ್ತೂರಿ ತನ್ನಲ್ಲಿದ್ದ ತಾಳ್ಮೆಯನ್ನೆಲ್ಲ ಒಮ್ಮೆಲೇ ಕಟ್ಟಿಬಿಟ್ಟಿದ್ದಳು.

ಭಾನುವಾರ ನೋಡಲು ಹೋದಾಗ ಅವ್ವ ಕೇಳಿದಳು, "ನಿಮ್ಮಪ್ಪಾರು ಉಂಡ್ರೇನವಾ?"

"ಅಪ್ಪ ಹೋಗಿ ಯಾವ ಕಾಲ ಆತಬೇ!"

"ಹೌದೇನ? ಮತ್ತ ಉಂಡ್ರೇನ?"

"ಎಷ್ಟ್ ಸಲ ಹೇಳಬೇಕ ನಿನಗ!" ಕಸ್ತೂರಿ ಚೀರಿದಳು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆಯಾ ನೂರಜಹಾನ್ ಬಂದು ಅವ್ವನ ಬೆನ್ನು ಸವರಿದಳು. "ಉಂಡಾರಬೇ. ಝುಣಕ ಚಲೋ ಆಗೇತಿ ಅಂದ್ರು."

ಅವ್ವನ ಮುಖ ಅರಳಿತು. "ನೀ ಇಲ್ಲೇ ಇರವಾ. ಆಕಿನ್ನ ಕಳಸು, ಅಂಜಿಕಿ ಬರತೈತಿ."

ಅವ್ವ ಮಲಗುವತನಕ ಕೂತು, ತಲೆ ನೇವರಿಸಿ ಹೋಗಬೇಕೆಂದು ಕಸ್ತೂರಿಗೆ ತುಂಬ ಅನಿಸಿತು. ಅಷ್ಟರಲ್ಲಿ ಅವಳ ಕಾಲುಗಳು ಗೇಟು ದಾಟಿಬಿಟ್ಟಿದ್ದವು.